ಹಡಗಿನ ಹೊಟ್ಟೆಯಿಂದ ಕಾಳಿಯ ನೀರಿಗೆ

ಕಾಯತಾನ ಸಿದ್ದಿ ಲೋಕವನ್ನೆಲ್ಲ ಸುತ್ತಿ ಊರಿಗೆ ಬಂದದ್ದು ಎಂಬತ್ತೆರಡನೆಯ ಇಸವಿಯ ಬೇಸಿಗೆಯಲ್ಲಿ. ಹಳಿಯಾಳದ ಬಸ್‌ಸ್ಟ್ಯಾಂಡಿನಲ್ಲಿ ಇಳಿದವನೇ ಕಬ್ಬಿಣದ ಟ್ರಂಕನ್ನು ಹೆಗಲಿಗೇರಿಸಿ, ಒಣಗಿದ ಭತ್ತದ ಗದ್ದೆಗಳ ಬದುವಿನ ಮೇಲೆ ಕಾಡಂಚಿನ ತನ್ನ ಸಿದ್ದಿ ಜನರ ವಾಡದ ಕಡೆಗೆ ನಡೆದ. ಮೀಸೆ ಚಿಗುರುವ ವಯಸ್ಸಿನಲ್ಲಿ ಬಿಟ್ಟುಹೋದ ದಾರಿ ಅದು. ಈಗ ಅವನ ಕಿವಿಯ ಪಕ್ಕ ಒಂದೆರಡು ಬಿಳಿಗೂದಲು ಮೂಡಿದ್ದವು.

ಅವನ ತಾಯಿ ಸೋನುಬಾಯಿ ಆಗಷ್ಟೇ ಕಾಡಿನಿಂದ ಸೌದೆ ಹೊತ್ತು ಬರುತ್ತಿದ್ದಳು. ಅಂಗಳದಲ್ಲಿ ಪ್ಯಾಂಟು, ಬೂಟು ಹಾಕಿದ ಎತ್ತರದ ಗಂಡಸು ನಿಂತಿರುವುದನ್ನು ಕಂಡು ತಲೆಯ ಹೊರೆಯನ್ನೂ ಇಳಿಸದೆ ಕೇಳಿದಳು: “ಯಾರು ಬೇಕಾಗಿತ್ರಿ ಸಾಹೇಬ್ರ?”

“ಆಯೀ, ನಾನು.”

ಹೊರೆ ಕೆಳಗೆ ಬಿತ್ತು. ಅವಳು ಹತ್ತಿರ ಬಂದು ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಕುರುಡರು ತಡವುವ ಹಾಗೆ ಹಣೆ, ಕೆನ್ನೆ, ಗದ್ದ ಎಲ್ಲವನ್ನೂ ತಡವಿದಳು. “ಪೂತಾ” ಎಂದು ಮಗನನ್ನು ಕರೆದಳು. ಅಷ್ಟೇ. ಬಿದ್ದ ಸೌದೆಯನ್ನು ಅಂಗಳದಲ್ಲೇ ಬಿಟ್ಟು ಒಲೆ ಹೊತ್ತಿಸಲು ಒಳಗೆ ಓಡಿದಳು.

ಪೋರ್ತುಗೀಜರು ಬಿಟ್ಟುಹೋದ ಮೇಲೆ ಗೋವೆಯ ಬಂದರಿನಲ್ಲಿ ಅದಿರು ತುಂಬುವ ಕೆಲಸ ಜೋರಾಗಿತ್ತು. ಕಾಯತಾನ ಅಲ್ಲಿಗೆ ಕೂಲಿಗೆಂದು ಹೋದವನು. ಒಂದು ಸರಕಿನ ಹಡಗಿನಲ್ಲಿ ಆಳು ಕಡಿಮೆಯಾದಾಗ ಯಾರೋ ಅವನ ಅಗಲವಾದ ಭುಜ ನೋಡಿ ಒಳಗೆ ಕರೆದುಕೊಂಡರು. ಎಂಜಿನ್ನಿಗೆ ಎಣ್ಣೆ ಹಾಕುವ, ಒರೆಸುವ ಕೆಲಸ. ಆಮೇಲೆ ಒಂದು ಹಡಗಿನಿಂದ ಇನ್ನೊಂದಕ್ಕೆ ದಾಟುತ್ತ ವರ್ಷಗಳು ಉರುಳಿದವು. ಕೊನೆಯ ಹಡಗು ಮುದಿಯಾಗಿ ಗುಜರಿಯವರ ಪಾಲಾಯಿತು. ಮುಂಬಯಿಯಲ್ಲಿ ಇನ್ನೊಂದು ಹಡಗಿಗಾಗಿ ಕಾದ. ಹೊಸ ಹಡಗಿನವರಿಗೆ ಓದು ಬಲ್ಲ ಎಳೆಯರು ಬೇಕಾಗಿದ್ದರು. ಕಾದು ಕಾದು ಬೇಸತ್ತು, ಒಂದು ದಿನ ಬೆಳಗಾವಿಯ ಕಡೆಯ ರೈಲು ಹತ್ತಿದ.

ಊರಿಗೆ ಬಂದ ಹೊಸತರಲ್ಲಿ ನೆಲ ಅವನಿಗೆ ಒಗ್ಗಲಿಲ್ಲ. ಅಂಗಳದಲ್ಲಿ ನಡೆಯುವಾಗ ಕಾಲುಗಳನ್ನು ಅಗಲಿಸಿ ಇಡುತ್ತಿದ್ದ. ನೆಲ ಅಲುಗುವುದಿಲ್ಲ ಎಂಬುದು ತಲೆಗೆ ಗೊತ್ತು, ಕಾಲಿಗೆ ಗೊತ್ತಿಲ್ಲ. ಮಧ್ಯಾಹ್ನ ಚಾಪೆಯ ಮೇಲೆ ಕಣ್ಣು ಮುಚ್ಚಿದರೆ ಬೆಚ್ಚಿ ಎದ್ದು ಕೂರುತ್ತಿದ್ದ. ಹಡಗಿನಲ್ಲಿ ಎಂಜಿನ್ನಿನ ಸದ್ದು ನಿಂತಿತೆಂದರೆ ಏನೋ ಕೆಟ್ಟಿತೆಂದೇ ಅರ್ಥ. ಇಲ್ಲಿ ಸದ್ದೇ ಇರಲಿಲ್ಲ. ಎಲ್ಲೋ ಒಂದು ಮರಕುಟಿಗ ತೊಗಟೆ ಕುಕ್ಕುತ್ತಿತ್ತು, ಅಷ್ಟೇ. ಅವನು ಹೊರಬಂದು ಸಾಗವಾನಿಯ ಮರಗಳನ್ನು ಬುಡದಿಂದ ತುದಿಯವರೆಗೆ ನೋಡುತ್ತ ನಿಲ್ಲುತ್ತಿದ್ದ. ಹುಟ್ಟಿದಂದಿನಿಂದ ನೋಡಿದ್ದ ಮರಗಳೇ. ಆದರೆ ಅವು ಇಷ್ಟು ಎತ್ತರ, ಇಷ್ಟು ನೆಟ್ಟಗೆ ಇದ್ದವೆ? ಝರಿಯ ನೀರನ್ನು ಬೊಗಸೆಯಲ್ಲಿ ಹಿಡಿದರೆ ತಳದ ಕೈಗೆರೆ ಸಹ ಕಾಣುತ್ತಿತ್ತು. ಇಂಥ ನೀರು ಬಿಟ್ಟು ತಾನು ಅದೆಷ್ಟು ಕಾಲ ಹಡಗಿನ ತುಕ್ಕು ಹಿಡಿದ ಟಾಕಿಯ ನೀರು ಕುಡಿದೆ ಎಂದು ಅವನಿಗೇ ಸೋಜಿಗವಾಗುತ್ತಿತ್ತು.

ವಾಡದ ಜನ ಸಂಜೆಯಾದರೆ ಅಂಗಳಕ್ಕೆ ಬಂದು ಕೂರುತ್ತಿದ್ದರು. “ಹೇಳೋ ಕಾಯತಾನ, ಏನೇನ ನೋಡಿ ಬಂದಿ?”

ಒಂದು ಬಂದರಿನಲ್ಲಿ ನೀರಿನ ಮೇಲೆ ಮನೆಯಷ್ಟು ದೊಡ್ಡ ಹಿಮದ ಗಡ್ಡೆ ತೇಲುತ್ತಿತ್ತು ಎಂದ. ಇನ್ನೊಂದು ಊರಿನಲ್ಲಿ ಊಟದ ಹೊತ್ತು ಕಳೆದು ಎಷ್ಟೋ ಹೊತ್ತಾದರೂ ಸೂರ್ಯ ಮುಳುಗಲಿಲ್ಲ ಎಂದ. ಜನ ಹೂಂಗುಟ್ಟಿದರು. ಆದರೆ ಆ ಎರಡು ಮಾತಿನ ಆಚೆ ಅವನ ಹತ್ತಿರ ಹೆಚ್ಚೇನೂ ಇರಲಿಲ್ಲ. ಲೋಕ ಸುತ್ತಿದ್ದು ನಿಜ. ಸುತ್ತಿದ್ದು ಹಡಗಿನ ಹೊಟ್ಟೆಯೊಳಗೆ ಕೂತು.

ಒಂದು ಸಂಗತಿಯನ್ನು ಮಾತ್ರ ಅವನು ಯಾರಿಗೂ ಹೇಳದೆ ತಾಯಿಗೆಂದೇ ಉಳಿಸಿಕೊಂಡಿದ್ದ. ಒಂದು ಮುಂಜಾನೆ ಒಲೆಯ ಮುಂದೆ ಕೂತು ಚಹಾ ಕುಡಿಯುವಾಗ ಹೇಳಿದ.

“ಆಯೀ, ಆಫ್ರಿಕಾದಾಗ ಮೊಂಬಾಸಾ ಅಂತ ಒಂದು ಬಂದರ ಐತಿ. ನಮ್ಮ ಹಡಗ ಅಲ್ಲಿ ರಿಪೇರಿಗೆ ನಿಂತಿತ್ತು. ನಾ ಪ್ಯಾಟಿಗೆ ಹೋದೆ. ಅಲ್ಲಿ ಎಲ್ಲಾರೂ ನಮ್ಮಂಗನ ಇದ್ರು.”

“ನಮ್ಮಂಗ ಅಂದ್ರ?”

“ನಮ್ಮ ಕೂದಲು, ನಮ್ಮ ತುಟಿ, ನಮ್ಮ ಬಣ್ಣ. ಒಬ್ಬರಲ್ಲ, ಇಬ್ಬರಲ್ಲ. ಇಡೀ ಪ್ಯಾಟಿ.”

ಸೋನುಬಾಯಿ ಊದುಗೊಳವೆಯನ್ನು ಕೆಳಗಿಟ್ಟಳು. “ಕೂಲಿ ಮಂದಿ?”

“ಕೂಲಿಯವರೂ. ಬಸ್ಸಿನ ಡ್ರೈವರೂ. ಪೋಲೀಸನೂ.”

“ಪೋಲೀಸನೂ ಸಿದ್ದಿ?”

“ಪೋಲೀಸನೂ. ಸಾಲಿ ಮಾಸ್ತರನೂ. ದವಾಖಾನಿ ಡಾಕ್ಟರನೂ. ಇಗರ್ಜಿಯೊಳಗ ಪೂಜಿ ಮಾಡೂ ಪಾದ್ರಿನೂ.”

“ಪಾದ್ರೀನೂ!” ಅವಳು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಹೊಗೆ ಕಣ್ಣಿಗೆ ಬಂದರೂ ಒರೆಸಿಕೊಳ್ಳಲಿಲ್ಲ. ಇಡೀ ಹಳಿಯಾಳದಲ್ಲಿ, ದಾಂಡೇಲಿಯಲ್ಲಿ, ಮುಂಡಗೋಡದಲ್ಲಿ ತಮ್ಮವರು ಕುರ್ಚಿಯ ಮೇಲೆ ಕೂತದ್ದನ್ನು ಅವಳು ಕಂಡಿರಲಿಲ್ಲ. ಒಲೆಗೆ ಇನ್ನೊಂದು ಸೌದೆ ತುರುಕಿ ಕೇಳಿದಳು: “ಮತ್ತ ಅಲ್ಲೇ ಯಾಕ ಇರಲಿಲ್ಲ ನೀ?”

“ಇರೂಣು ಅನಸ್ತು. ಸಂತ್ಯಾಗ ಒಬ್ಬಾಕಿ ಮುದುಕಿ ಗೋವಿನಜೋಳ ಸುಟ್ಟು ಮಾರ್ತಿದ್ಲು. ನನ್ನ ಕೈ ಹಿಡಕೊಂಡು ತನ್ನ ಮಾತಿನೊಳಗ ಏನೇನೋ ಹೇಳಿದ್ಲು. ನನಗ ಒಂದಕ್ಷರ ತಿಳೀಲಿಲ್ಲ. ತಿಳೀಲಿಲ್ಲ ಅಂತ ಕೈ ಮಾಡಿದರ ನಕ್ಕಳು. ಥೇಟ್ ನಿನ್ನಂಗ ನಕ್ಕಳು, ಆಯೀ. ಅಕಿ ನಕ್ಕಕೂಡ್ಲೆ ನನ್ನ ಊರು ನೀ ಇದ್ದಲ್ಲೇ ಅನ್ನೂದು ಗೊತ್ತಾತು.”

ಆ ದಿನ ಸೋನುಬಾಯಿ ಬಾವಿಕಟ್ಟೆಯ ಮೇಲೆ ಹೆಂಗಸರಿಗೆಲ್ಲ ಆ ಊರಿನ ಪೋಲೀಸನ ಸುದ್ದಿ ಹೇಳುತ್ತ ನಿಂತುಬಿಟ್ಟಳು.

ಮಳೆಗಾಲ ಕಳೆಯುವ ಹೊತ್ತಿಗೆ ಕೆಲಸ ಹುಡುಕಬೇಕಾಯಿತು. ಗದ್ದೆ ತುಂಡು ಸಣ್ಣದು, ಅದನ್ನು ತಮ್ಮ ಲುಯಿಸ್ ಮಾಡುತ್ತಿದ್ದ. ಕಾಯತಾನ ದಾಂಡೇಲಿಗೆ ಹೋಗಿ ಒಂದು ಕಾರ್ಖಾನೆಯ ಗೇಟಿನ ಮುಂದೆ ನಿಂತ. ಕಾವಲಿನವ ಅವನನ್ನು ಮೇಲಿಂದ ಕೆಳಗೆ ನೋಡಿ, “ಯಾವ ದೇಶದಾಂವಪಾ ನೀ?” ಎಂದ.

ಕಾಯತಾನನಿಗೆ ಸಿಟ್ಟು ಬರಲಿಲ್ಲ, ಬೆರಗಾಯಿತು. ಅದೆಷ್ಟೋ ಬಂದರುಗಳಲ್ಲಿ ಇದೇ ಪ್ರಶ್ನೆಗೆ “ಇಂಡಿಯಾ” ಎಂದು ಉತ್ತರಿಸಿದ್ದ. ಆಫ್ರಿಕಾದಲ್ಲಿ ಕೇಳಿದವರಿಗೂ ಅದನ್ನೇ ಹೇಳಿದ್ದ, ಅವರು ನಂಬಿರಲಿಲ್ಲ. ಈಗ ಮನೆಯಿಂದ ಒಂದು ಬಸ್ಸಿನ ದಾರಿಯಲ್ಲಿ ನಿಂತು ಏನು ಹೇಳುವುದು?

“ಇಲ್ಲೇದಾಂವರೀ. ಹಳಿಯಾಳದ ಕಡೆಯಾಂವ” ಎಂದ.

“ಇಷ್ಟು ದಿನ ಎಲ್ಲಿದ್ದಿ ಮತ್ತ?”

“ಹಡಗಿನ್ಯಾಗ.”

ಕಾವಲಿನವ ಪಕ್ಕದವನ ಮುಖ ನೋಡಿದ. ಕಾಡಿನ ನಡುವೆ ನಿಂತು ಹಡಗು ಎಂದರೆ ಯಾರು ನಂಬಬೇಕು? ಒಳಗೆ ಆಳು ಬೇಕಾಗಿಲ್ಲ ಎಂಬ ಉತ್ತರ ಬಂತು. ಸೌದೆಯ ಡಿಪೋದಲ್ಲೂ ಅದೇ, ಸಾ ಮಿಲ್ಲಿನಲ್ಲೂ ಅದೇ. ಕಬ್ಬಿಣದ ಕೆಲಸ ಬಲ್ಲೆ ಎಂದರೆ ಎಲ್ಲಿ ಕಲಿತೆ ಎನ್ನುವರು, ಹೇಳಿದರೆ ನಗುವರು. ಬಸ್ಸಿಗೆ ದುಡ್ಡಿಲ್ಲದ ದಿನ ಕಾಡಿನೊಳಗಿಂದ ನಡೆದು ಬರುತ್ತಿದ್ದ. ಇಂಥ ಒಂದು ದಿನ ದಾರಿಗಡ್ಡವಾಗಿ ಕಾಟಿ ಎಂಬ ಕಾಡುಕೋಣಗಳ ಹಿಂಡೊಂದು ನಿಂತಿತ್ತು. ಹಿಂಡಿನ ಯಜಮಾನ ಅವನನ್ನು ಒಮ್ಮೆ ದಿಟ್ಟಿಸಿ, ಬಿಳಿಗಾಲು ಎತ್ತಿಡುತ್ತ ಬಿದಿರಿನೊಳಗೆ ಸರಿದುಹೋಯಿತು. ಕೆಲಸ ಸಿಗದ ಬೇಸರವೆಲ್ಲ ಆ ಗಳಿಗೆ ಅವನ ಮೈಯಿಂದ ಇಳಿದುಹೋಯಿತು. ಇಂಥದ್ದನ್ನು ಯಾವ ಬಂದರಿನಲ್ಲೂ ಕಂಡಿರಲಿಲ್ಲ.

ಕೊನೆಗೆ ಅವನನ್ನು ಕರೆದವರು ಹಳಿಯಾಳದ ಅಕ್ಕಿ ಗಿರಣಿಯ ಶಿವಲಿಂಗಪ್ಪನವರು. ಗಿರಣಿಯ ಎಣ್ಣೆ ಎಂಜಿನ್ನು ನೋಡಿಕೊಳ್ಳಲು ಒಬ್ಬ ಬೇಕಾಗಿದ್ದ. ಹಣೆಗೆ ವಿಭೂತಿ, ತಲೆಗೆ ಬಿಳಿ ಟೋಪಿ, ಮೆಲುಮಾತಿನ ಮನುಷ್ಯ. ಕಾಯತಾನ ಅಲ್ಲಿ ಎರಡು ಸುಗ್ಗಿ ಕಳೆದ. ಭತ್ತದ ಧೂಳಿನಲ್ಲಿ, ಆ ಪುಟ್ಟ ಎಂಜಿನ್ನಿನ ಟಕಟಕ ಸದ್ದಿನ ಪಕ್ಕದಲ್ಲಿ ಅವನಿಗೆ ಮತ್ತೆ ಮಧ್ಯಾಹ್ನದ ನಿದ್ದೆ ಹತ್ತತೊಡಗಿತು. ಆಮೇಲೆ ಗಿರಣಿಗೆ ಕರೆಂಟು ಬಂತು. ಎಂಜಿನ್ನು ಮೂಲೆಗೆ ಬಿತ್ತು. ಇನ್ನು ಕೆಲಸವಿಲ್ಲ ಎಂದು ಹೇಳಲು ಶಿವಲಿಂಗಪ್ಪನವರಿಗೆ ಮುಜುಗರ. ಚಹಾ ತರಿಸಿ, ಎದುರಿಗೆ ಕೂರಿಸಿಕೊಂಡು ಬೇರೆಯೇ ಮಾತು ತೆಗೆದರು.

“ಕಾಯತಾನ, ಸೂಪಾದಾಗ ಕಾಳಿ ಹೊಳಿಗೆ ಅಡ್ಡ ಒಡ್ಡು ಕಟ್ಟೂದು ಮುಗೀಲಿಕ್ಕ ಬಂತಂತ. ನೀರ ನಿಂತರ ಆಚೀಕಡೆ ಹಳ್ಳಿಗೋಳಿಗೆ ದಾರಿ ಇರೂದಿಲ್ಲ. ಲಾಂಚ ಬಿಡ್ತಾರಂತ. ನೀ ಜೊಯಿಡಾಕ್ಕ ಹೋಗಿ ಒಂದಿಷ್ಟು ಕೇಳಿ ಬಾ.”

“ಹೊಳ್ಯಾಗ ಲಾಂಚ್ ಏನ್ರೀ ಧಣ್ಯಾರ?”

“ಹೊಳಿ ಎಲ್ಲಿ ಉಳೀತೈತೋ? ಸಮುದ್ರ ಆಗತೈತಂತ.”

ಜೊಯಿಡಾಕ್ಕೆ ಹೋಗುವ ಬಸ್ಸು ದಿನಕ್ಕೆ ಎಲ್ಲೋ ಒಂದೆರಡು. ಹೋಗುವ ದಾರಿಯಲ್ಲಿ ಅಣೆಕಟ್ಟು ಕಂಡಿತು. ಕಾಯತಾನ ಕಿಟಕಿಗೆ ಮುಖ ಒತ್ತಿ ನೋಡಿದ. ಎರಡು ಗುಡ್ಡಗಳ ನಡುವೆ ಮುಗಿಲಿಗೆ ತಾಗುವ ಹಾಗೆ ಬಿಳಿಯ ಗೋಡೆ, ಅದರ ಮೇಲೆ ಇರುವೆಗಳ ಹಾಗೆ ಮನುಷ್ಯರು. ಜಗತ್ತಿನ ಬೇರೆ ಬೇರೆ ಬಂದರಿನಲ್ಲಿ ಕ್ರೇನು, ಗೋಪುರ, ಸೇತುವೆ ಎಷ್ಟೋ ನೋಡಿದ್ದ. ಅವೆಲ್ಲ ಬೇರೆಯವರ ಊರಿನವು. ಇದು ಅವನು ಬಾಲ್ಯದಲ್ಲಿ ಜೇನು ಕಿತ್ತ ಕಾಡಿನೊಳಗೆ ಎದ್ದು ನಿಂತಿತ್ತು.

ಜೊಯಿಡಾದಲ್ಲಿ ಲಾಂಚಿನ ಕೆಲಸ ನೋಡುವ ಕಚೇರಿಯ ಸಾಹೇಬರ ಹೆಸರು ಅಡಿವೆಯ್ಯ. ಹಡಗಿನ ಮಾತು ಕೇಳಿ ಅವರು ನಗಲಿಲ್ಲ, ಕುರ್ಚಿ ಮುಂದಕ್ಕೆಳೆದು ಕೂತರು. “ಭಾಳ ವರ್ಷ ಸಮುದ್ರದ ಮ್ಯಾಲ ಇದ್ದಿ. ಹಂಗಾದರ ನೀರಿನ ಮರ್ಜಿ ಬಲ್ಲಿ, ಹೌದಲ್ಲ?”

ಹೌದು ಎಂದುಬಿಟ್ಟರೆ ಕೆಲಸ ಸಿಕ್ಕಂತೆ. “ಇಲ್ಲರಿ ಸಾಹೇಬ್ರ” ಎಂದ ಕಾಯತಾನ. “ನಾ ಎಂಜಿನ್ ಬಲ್ಲೆ. ನೀರು ಬಲ್ಲೆ ಅನ್ನಲಾರೆ. ನಾ ಇದ್ದದ್ದು ಹಡಗಿನ ಹೊಟ್ಟ್ಯಾಗ, ನೀರಿನ ತೆಳಗ. ನಾ ಕೂತ ಜಾಗಾಕ್ಕ ಕಿಡಕಿ ಇರಲಿಲ್ಲ. ಸಮುದ್ರ ಅಂದ್ರ ನನಗ ಗ್ವಾಡಿಯ ಆಚೀಕಡೆ ಕೇಳೂ ಸಪ್ಪಳ.”

ಅಡಿವೆಯ್ಯನವರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. “ಲೋಕಾನ ಸುತ್ತಿ ಬಂದಿ, ಲೋಕ ನೋಡಿಲ್ಲ?”

“ಇಲ್ಲರಿ.”

“ಆತು. ಎಂಜಿನ್ ಬಲ್ಲಾಂವ ನಮಗ ಬೇಕ. ನಡಸೂದು ಕಾರವಾರದ ಅಂಬಿಗ ಒಬ್ಬಾಂವ ಬಂದು ಕಲಸ್ತಾನ.”

ಅಣೆಕಟ್ಟಿನ ಬಾಗಿಲು ಮುಚ್ಚಿದ ಮೊದಲ ಮಳೆಗಾಲದಲ್ಲಿ ಕಾಳಿ ಹಿಂದಕ್ಕೆ ಏರಿತು. ಕಾಯತಾನ ದಂಡೆಯ ಮೇಲೆ ನಿಂತು ಅದನ್ನು ದಿನವೂ ನೋಡಿದ. ನೀರು ಓಡಿ ಬರಲಿಲ್ಲ, ಅಬ್ಬರಿಸಲಿಲ್ಲ. ಸದ್ದಿಲ್ಲದೆ ಹುಲ್ಲಿನ ಎಸಳುಗಳ ನಡುವೆ ಬಂದು ನಿಂತಿತು, ಮರುದಿನ ಹುಲ್ಲು ಕಾಣಲಿಲ್ಲ. ಗದ್ದೆ ಹೋಯಿತು, ದಾರಿ ಹೋಯಿತು. ಜನ ಹೊತ್ತೊಯ್ಯಲಾಗದೆ ಬಿಟ್ಟುಹೋದ ಮನೆಗಳ ಮಣ್ಣಿನ ಗೋಡೆ ಕರಗಿದವು. ಬಿದಿರುಮೆಳೆಗಳ ತುದಿ ಮಾತ್ರ ನೀರಿನ ಮೇಲೆ ಅಲ್ಲಾಡುತ್ತಿತ್ತು. ಇರುವೆಗಳು ಮುದ್ದೆಮುದ್ದೆಯಾಗಿ ತೇಲಿ ಬಂದು ದಂಡೆಯ ಕಲ್ಲು ಹತ್ತುತ್ತಿದ್ದವು. ಒಂದು ಗುಡ್ಡ ನಡುಗಡ್ಡೆಯಾಯಿತು. ಅದರ ಮೇಲೆ ಸಿಕ್ಕಿಕೊಂಡ ಜಿಂಕೆಯೊಂದು ಈಜಿ ದಡ ಸೇರಿದಾಗ, ಕಾಯತಾನ ತನಗರಿವಿಲ್ಲದೆ ಟೋಪಿ ತೆಗೆದು ನಿಂತಿದ್ದ.

ಅಂಬಿಗ ಮುದುಕ ಕಲಿಸಿದ. ಮೊದಮೊದಲು ಕಾಯತಾನ ಚುಕ್ಕಾಣಿ ಹಿಡಿದು ತಲೆ ತಗ್ಗಿಸಿ ಎಂಜಿನ್ನಿಗೆ ಕಿವಿಗೊಡುತ್ತಿದ್ದ. ಮುದುಕ ಬೆನ್ನಿಗೆ ಗುದ್ದಿ, “ತಲಿ ಎತ್ತೋ! ಎಂಜಿನ್ ತನ್ನ ಪಾಡಿಗೆ ತಾನು ಇರ್ತೈತಿ. ಮುಂದ ನೋಡು” ಎನ್ನುವನು. ನೀರಿನಡಿ ಮುಳುಗಿದ ಮರಗಳ ತುದಿ ಲಾಂಚಿನ ತಳ ಸೀಳಬಹುದು. ಆದ್ದರಿಂದ ನೀರಿನ ಬಣ್ಣ ನೋಡುತ್ತಿರಬೇಕು, ಸುಳಿ ನೋಡುತ್ತಿರಬೇಕು. ಕಾಯತಾನ ತಲೆ ಎತ್ತಿದ. ಎದುರಿಗೆ ನೀರು ಗುಡ್ಡಗಳ ಸಂದಿಸಂದಿಗೂ ಹೋಗಿ, ಮಂಜಿನೊಳಗೆ ಎಲ್ಲಿ ಮುಗಿಯಿತೆಂದು ತಿಳಿಯದ ಹಾಗೆ ಹರಡಿತ್ತು. ಎಂಜಿನ್ನಿಗೆ ಕಿವಿಗೊಡುವುದು ಅವನಿಗೆ ಮರೆತೇಹೋಯಿತು.

ಅವನು ಒಬ್ಬನೇ ನಡೆಸಿದ ಮೊದಲ ದಿನದ ಪ್ರಯಾಣಿಕರಲ್ಲಿ ಶಂಕ್ರೆವ್ವ ಎಂಬ ವಯಸ್ಸಾದ ಹೆಂಗಸಿದ್ದಳು. ಮುಳುಗಿದ ಸೂಪಾ ಪೇಟೆಯಲ್ಲಿ ಖಾನಾವಳಿ ಇಟ್ಟುಕೊಂಡಿದ್ದವಳು, ಈಗ ಆಚೆ ದಡದ ಮಗಳ ಮನೆಗೆ ಹೊರಟಿದ್ದಳು. ಲಾಂಚು ಅರ್ಧ ದಾರಿ ಹೋದಾಗ ಅವಳು ಎರಡೂ ಕಡೆಯ ಗುಡ್ಡಗಳನ್ನು ನೋಡಿ ಲೆಕ್ಕ ಹಾಕಿದವಳಂತೆ, “ತಮ್ಮಾ, ಸ್ವಲ್ಪ ನಿಂದ್ರಸ್ತಿಯೇನು?” ಎಂದಳು.

“ಇಲ್ಲಿ ಯಾಕಬೇ?”

“ಇಲ್ಲೇ ತೆಳಗ ಐತಿ ನನ್ನ ಒಲಿ.”

ಕಾಯತಾನ ಎಂಜಿನ್ನು ನಿಲ್ಲಿಸಿದ. ಸದ್ದು ನಿಂತದ್ದೇ ಅಷ್ಟು ದೊಡ್ಡ ನೀರಿನ ಮೇಲೆ ಅಷ್ಟೇ ದೊಡ್ಡ ಮೌನ ಇಳಿಯಿತು. ಲಾಂಚಿನಲ್ಲಿದ್ದವರೆಲ್ಲ ಅಂಚಿನಿಂದ ಕೆಳಗೆ ಬಗ್ಗಿ ನೋಡಿದರು. ಕಂಡದ್ದು ಅವರವರ ಮುಖ, ಮುಖದ ಹಿಂದೆ ಮುಗಿಲು. ಯಾರೋ ನೀರಿಗೆ ಎಲೆಅಡಿಕೆ ಬಿಟ್ಟರು. ಶಂಕ್ರೆವ್ವ ಸೆರಗಿನ ಗಂಟಿನಿಂದ ಹಿಡಿ ಜೋಳದ ಹಿಟ್ಟು ತೆಗೆದು ನೀರಿಗೆ ಹಾಕಿ ಕೈ ಮುಗಿದಳು. ಹಿಟ್ಟು ಬೆಳ್ಳಗೆ ಹರಡಿ ನಿಧಾನ ಇಳಿಯಿತು. ಒಂದು ಇಡೀ ಪೇಟೆ, ಸಂತೆ, ಜಗಳ, ಮದುವೆ, ಎಲ್ಲದರ ಮೇಲೆ ತಾನು ತೇಲುತ್ತ ನಿಂತಿದ್ದೇನೆ ಎಂದು ಕಾಯತಾನನಿಗೆ ಅನಿಸಿತು.

“ಹೋಗೂಣು ತಮ್ಮಾ” ಎಂದು ಶಂಕ್ರೆವ್ವನೇ ಹೇಳುವ ತನಕ ಅವನು ಎಂಜಿನ್ನು ಮುಟ್ಟಲಿಲ್ಲ. ಆಮೇಲೂ ಹಳೆಯ ಊರಿನವರು ಯಾರಾದರೂ ಕೇಳಿದರೆ ಅಲ್ಲಿ ಲಾಂಚು ನಿಲ್ಲಿಸುವುದು ರೂಢಿಯಾಯಿತು.

ಚಳಿಗಾಲದ ಒಂದು ಭಾನುವಾರ, ಲಾಂಚಿಗೆ ರಜೆಯ ದಿನ, ಲುಯಿಸ್ ತಾಯಿಯನ್ನು ಕರೆತಂದ. ಸೋನುಬಾಯಿ ಇಗರ್ಜಿಗೆ ಉಡುವ ಸೀರೆ ಉಟ್ಟು, ಎರಡೂ ಕೈಯಲ್ಲಿ ಹಲಗೆ ಬಿಗಿಹಿಡಿದು ಲಾಂಚಿನ ಮುಂದಿನ ತುದಿಯಲ್ಲಿ ಕೂತಳು. ಮಂಜು ಇನ್ನೂ ಕರಗಿರಲಿಲ್ಲ. ದಡ ಹಿಂದೆ ಉಳಿದು ಎಲ್ಲ ಕಡೆಗೂ ಬಿಳುಪೇ ಆದಾಗ ಅವಳು ಕಣ್ಣು ಮುಚ್ಚಿಕೊಂಡಳು. ಬಿಸಿಲು ಬಿದ್ದು ಮಂಜು ಹರಿಯಿತು. ಗುಡ್ಡಗಳು ಒಂದೊಂದಾಗಿ ಹೊರಬಂದವು. ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿಗಳು ರೆಕ್ಕೆಯಿಂದ ಭರ್ ಭರ್ ಸದ್ದು ಮಾಡುತ್ತ ನೀರಿನ ಮೇಲಿಂದಲೇ ದಾಟಿಹೋದವು.

“ಆಯೀ, ಕಣ್ಣ ತಗಿ” ಎಂದ ಕಾಯತಾನ.

ಅವಳು ಕಣ್ಣು ತೆರೆದಳು. ಕೈ ಹಲಗೆಯನ್ನು ಬಿಟ್ಟಿತು. ಎಷ್ಟೋ ಹೊತ್ತು ಆ ಕಡೆ ಈ ಕಡೆ ನೋಡಿದವಳು ಮಗನ ಕಡೆ ತಿರುಗಿ, “ಇನ್ನೂ ಮುಂದ ಐತೇನೋ?” ಎಂದು ಕೇಳಿದಳು.

“ಭಾಳ ಐತಿ.”

“ಹಂಗಾದರ ನಡಸು.”

ಅವನು ಚುಕ್ಕಾಣಿ ತಿರುಗಿಸಿ, ದಿನದ ದಾರಿ ಬಿಟ್ಟು, ಕಾಡಿನೊಳಕ್ಕೆ ಚಾಚಿದ್ದ ನೀರಿನ ಕಡೆಗೆ ಲಾಂಚನ್ನು ಬಿಟ್ಟ.