ಗಂಗಿಯನ್ನು ಕರೆತಂದ ದಿನ

ಹೊಳನಗದ್ದೆಯ ಲಕ್ಕಿ ಮೂರು ಹೆತ್ತಿದ್ದಳು; ಒಂದಕ್ಕೂ ವರ್ಷ ತುಂಬಲಿಲ್ಲ. ಗಂಡ ಜಟ್ಟ ಗೌಡ ಗೇಣಿಗೆ ಗದ್ದೆ ಮಾಡುತ್ತಿದ್ದ. ಅವಳು ಹರಿವೆ, ಬಸಳೆ ಬೆಳೆದು ಕುಮಟಾ ಪೇಟೆಗೆ ಹೊತ್ತೊಯ್ದು ಮಾರುತ್ತಿದ್ದಳು. ೧೯೫೯ರ ಬೇಸಿಗೆಯಲ್ಲಿ ಭಟ್ಕಳದ ಕಡೆಯಿಂದ ಸುದ್ದಿ ಬಂತು. ಅವಳ ಚಿಕ್ಕಮ್ಮನ ಮಗ ತಿಮ್ಮನ ಹೆಂಡತಿ ಸಿಡುಬಿನಲ್ಲಿ ತೀರಿಕೊಂಡಿದ್ದಳು. ಮೂರು ಮಕ್ಕಳು. ಗಂಡು ಎರಡನ್ನು ತಾನೇ ಇಟ್ಟುಕೊಂಡು, ಹುಡುಗಿಯನ್ನು ಯಾರಾದರೂ ಸಾಕುವುದಾದರೆ ಕೊಡುತ್ತಾನಂತೆ.

ಗಂಡ ಹೆಂಡಿರು ಹೋಗಿ ಒಂದು ರಾತ್ರಿ ಅಲ್ಲಿದ್ದರು. ಹುಡುಗಿ ಗಂಗಿಗೆ ಆರು ವರ್ಷ. ಅವಳಿಗೂ ಸಿಡುಬು ಎದ್ದು, ವಾಸಿಯಾಗಿ ತಿಂಗಳ ಮೇಲಾಗಿತ್ತು. ಮುಖದ ಕಲೆ ಮಾತ್ರ ಮಾಸಿರಲಿಲ್ಲ. ಬೆಳಿಗ್ಗೆ ತಿಮ್ಮ ಅವಳನ್ನು ಬಸ್ಸಿಗೆ ಹತ್ತಿಸಿ, ಕಿವಿಯಲ್ಲಿ ಏನೋ ಹೇಳಿ, ತಿರುಗಿ ನೋಡದೆ ಹೋದ. ಹುಡುಗಿ ಅಳಲಿಲ್ಲ. ಲಕ್ಕಿಗೆ ಅದೇ ಸರಿ ಕಾಣಲಿಲ್ಲ.

ಶರಾವತಿಗೆ ಆಗ ಸೇತುವೆಯಿರಲಿಲ್ಲ. ಬಸ್ಸು ಕಾಸರಕೋಡಿನಲ್ಲಿ ಇಳಿಸಿತು. ಅಲ್ಲಿಂದ ಲಾಂಚಿನಲ್ಲಿ ಹೊನ್ನಾವರಕ್ಕೆ ದಾಟಬೇಕು. ಕಾದಿದ್ದ ಜನ ಹುಡುಗಿಯ ಮುಖ ಕಂಡು ಹಿಂದೆ ಸರಿದರು. ಒಬ್ಬಳು ತನ್ನ ಕೂಸಿಗೆ ಸೆರಗು ಮುಚ್ಚಿಕೊಂಡಳು. ಲಾಂಚಿನವ ಹತ್ತುವ ಹಲಗೆಗೆ ಅಡ್ಡ ನಿಂತ.

"ವಾಸಿಯಾಗಿ ತಿಂಗಳಾತು," ಎಂದ ಜಟ್ಟ.

"ನಂಗೆ ಗೊತ್ತಾತು ಮಾರಾಯ. ಇವ್ರಿಗೆಲ್ಲ ಯಾರು ಹೇಳೂದು? ಜನ ಎಲ್ಲ ದಾಟ್ಲಿ, ಕಡೀಗೆ ನಿಮ್ಮನ್ನ ಬಿಡ್ತೆ."

ಜನ ಮುಗಿಯಲಿಲ್ಲ. ಒಂದು ಬಸ್ಸು ಹೋದರೆ ಇನ್ನೊಂದು ಬರುತ್ತಿತ್ತು. ಮೂವರೂ ದೂರದ ಒಂದು ಗಾಳಿಮರದ ಕೆಳಗೆ ಕೂತರು. ಚಾದ ಅಂಗಡಿಯವ ಲೋಟ ಕೊಡದೆ ಕರಟದಲ್ಲಿ ನೀರು ಹೊಯ್ದ. ಲಕ್ಕಿ ಬುತ್ತಿಯ ಅವಲಕ್ಕಿ ಬಿಚ್ಚಿದಳು. ಗಂಗಿ ಅರ್ಧ ತಿಂದು, ಉಳಿದದ್ದನ್ನು ಬಾಳೆಲೆಯಲ್ಲಿ ಮಡಚಿ ಮಡಿಲಲ್ಲಿಟ್ಟುಕೊಂಡಳು.

"ಅದು ಎಂತಕ್ಕೆ?" ಎಂದು ಲಕ್ಕಿ ಕೇಳಿದಳು.

"ಅವ್ವಿಗೆ."

"ಯಾವ ಅವ್ವಿಗೆ?"

"ನನ್ನ ಅವ್ವಿಗೆ. ಹೊಳೆ ಆಚೆ ಅದೆ, ಇವ್ರು ನಿನ್ನ ಅಲ್ಲಿಗೆ ಬಿಡ್ತ್ರು ಹೇಳಿ ಅಪ್ಪ ಹೇಳ್ದ."

ಲಕ್ಕಿ ಗಂಡನ ಮುಖ ನೋಡಿದಳು. ಅವನು ಅವಳನ್ನು ಪಕ್ಕಕ್ಕೆ ಕರೆದ.

"ಈಗ ಬೇಡ. ಮನಿಗೆ ಹೋಗಿ ಹೇಳ್ವ. ಇಲ್ಲಿ ರಂಪ ಮಾಡಿದ್ರೆ ಲಾಂಚಿಗೂ ಹತ್ತಿಸೂದಿಲ್ಲ."

"ಆಚೆ ದಡದಲ್ಲಿ ಇಳಿದು ಹುಡುಕ್ತು ಅದು. ಆಗ ಎಂತ ಮಾಡ್ತ್ರಿ?"

ಲಕ್ಕಿ ಬಂದು ಹುಡುಗಿಯ ಎದುರು ಕೂತಳು. ಹೇಗೆ ಹೇಳಬೇಕೆಂದು ಅವಳಿಗೆ ತಿಳಿಯಲಿಲ್ಲ, ಇದ್ದದ್ದನ್ನೇ ಹೇಳಿದಳು.

"ಮಗಾ, ನಿನ್ನ ಅವ್ವಿ ಆಚೆ ಇಲ್ಲ. ಸತ್ತು ಹೋಯ್ತು. ನೀ ನಮ್ಮನಿಗೆ ಇರೂಕೆ ಬರೂದು."

ಗಂಗಿ ಬಹಳ ಹೊತ್ತು ಲಕ್ಕಿಯ ಕೊರಳಿನ ಮಣಿಸರವನ್ನೇ ನೋಡಿದಳು.

"ಎತ್ಕಂಡು ಹೋಗೂಕೆ ಮೊದ್ಲು ಅವ್ವಿ ಮಣಿ ಎಲ್ಲ ಬಿಚ್ಚಿದ್ರು," ಎಂದಳು. "ನಾ ಕಂಡಿದ್ದೆ. ಆಚೆ ಅದೆ ಹೇಳಿ ಅಪ್ಪ ಹೇಳ್ದ ಮೇಲೆ, ಸತ್ತದ್ದು ಸುಳ್ಳು ಅಂದ್ಕಂಡೆ."

ಆಮೇಲೆ ಅವಳು ಎದ್ದು, ಬಂದ ದಾರಿಯಲ್ಲೇ ಭಟ್ಕಳದ ಕಡೆಗೆ ನಡೆಯತೊಡಗಿದಳು. ಜಟ್ಟ ಓಡಿಹೋಗಿ ಎತ್ತಿಕೊಂಡು ಬಂದ. ಅವಳು ಅವನ ಹೆಗಲು ಕಚ್ಚಿದಳು. ಅವನು ಬಿಡಲಿಲ್ಲ, ಬೈಯಲೂ ಇಲ್ಲ. ಹೊತ್ತು ಇಳಿಯುವಾಗ, ಖಾಲಿ ಲಾಂಚಿನ ಹಿಂಬದಿಯಲ್ಲಿ, ಅವರನ್ನು ದಾಟಿಸಿದರು.

ಹೊಳನಗದ್ದೆಯಲ್ಲಿ ಆ ಮಳೆಗಾಲವಿಡೀ ನೆರೆಯವರು ತಮ್ಮ ಮಕ್ಕಳನ್ನು ಅವರ ಅಂಗಳಕ್ಕೆ ಬಿಡಲಿಲ್ಲ. ಗಂಗಿ ಬಾಗಿಲ ಬಳಿಯೇ ಮಲಗುತ್ತಿದ್ದಳು. ಲಕ್ಕಿಯೂ ತನ್ನ ಚಾಪೆಯನ್ನು ಅಲ್ಲಿಗೇ ತಂದಳು. ಎರಡು ಸಲ ಹುಡುಗಿ ಹೊನ್ನಾವರದ ದಾರಿ ಹಿಡಿದು ಹೋಗಿ ಸಿಕ್ಕಿಬಿದ್ದಳು. ಮೂರನೆಯ ಸಲ ಹೋಗಲಿಲ್ಲ.

ಹತ್ತು ತುಂಬಿದಾಗ ಅವಳು ಅಣ್ಣಂದಿರನ್ನು ನೋಡಬೇಕೆಂದಳು. ಜಟ್ಟ ಬೇಡವೆಂದರೂ ಲಕ್ಕಿ ಅವಳನ್ನು ಕರೆದುಕೊಂಡು ಹೋದಳು. ತಿಮ್ಮನ ಮನೆಯಿದ್ದಲ್ಲಿ ಮಣ್ಣಿನ ಗೋಡೆ ಮಾತ್ರ ನಿಂತಿತ್ತು.

"ಮಕ್ಕಳ ಕಟ್ಕಂಡು ಘಟ್ಟದ ಮೇಲೆ ನಾಟಾ ಕಡಿಯೂಕೆ ಹೋದ," ಎಂದಳು ಪಕ್ಕದ ಮನೆಯ ಮುದುಕಿ. "ಎರಡು ವರ್ಷ ಆತು. ಯಾವ ಊರು ಹೇಳೂದೂ ಗೊತ್ತಿಲ್ಲ."

ಗಂಗಿ ಗೋಡೆಯ ಒಳಗೆ ಹೋಗಿ ಒಂದು ಸುತ್ತು ಹಾಕಿ ಬಂದಳು. ರಾತ್ರಿಯೊಳಗೆ ಇಬ್ಬರೂ ಹೊಳನಗದ್ದೆಗೆ ಮರಳಿದರು. ಮರುದಿನ ಅವಳು ಲಕ್ಕಿಗಿಂತ ಮೊದಲೇ ಎದ್ದು, ಹರಿವೆ ಕಿತ್ತು ಕಟ್ಟು ಕಟ್ಟತೊಡಗಿದ್ದಳು.