ಗಾಳಿ ಬೀಸದ ಮೂರು ಗಂಟೆ

ನನ್ನ ಮಗುವಿನ ಕೆಮ್ಮು ಬೆಳಗಿನ ಐದಕ್ಕೆ ಶುರುವಾಗಿ ಎಂಟಕ್ಕೆ ನಿಲ್ಲುತ್ತದೆ, ಸಂಬಳ ತೆಗೆದುಕೊಳ್ಳುವವರಿಗಿಂತ ಶಿಸ್ತಾಗಿ. ಯಾಕೆ ಎನ್ನುವ ಚಿಂತೆ ಒಂದು ತಿಂಗಳಿಂದ ನನ್ನ ತಲೆ ತಿನ್ನುತ್ತಿದೆ.

ಉತ್ತರ ಹೇಳಬಲ್ಲವರು ನಮ್ಮ ಮನೆಯಲ್ಲೇ ಇದ್ದಾರೆ: ನನ್ನ ಗಂಡನ ಅಣ್ಣ. ಚಿಮಣಿಯ ಹೊಗೆ ಗಾಳಿಯಲ್ಲಿ ಎಷ್ಟು ದೂರ ಹೋಗಿ, ಎಲ್ಲಿ ಎಷ್ಟು ಇಳಿಯುತ್ತದೆ ಎಂದು ಅಂದಾಜು ಹಾಕುವುದು ಭಾವನ ಕಸುಬು. ಇಪ್ಪತ್ತೆರಡು ವರ್ಷದಿಂದ ಹಾಕುತ್ತಿದ್ದಾರೆ. ಚಿಮಣಿಯ ಎತ್ತರ, ಹೊಗೆಯ ಬಿಸಿ ಎಲ್ಲ ಬಾಯಿಪಾಠ. ತಲೆ ಎತ್ತಿ ಹೊಗೆ ನೋಡಿದ್ದನ್ನು ಮಾತ್ರ ನಾನು ಕಂಡಿಲ್ಲ, ಕುತ್ತಿಗೆ ನೋವಂತೆ. ಇಸ್ತ್ರಿಯಾಗದ ಶರಟು ಹಾಕಿ ಹೊಸ್ತಿಲು ದಾಟಿದವರಲ್ಲ. ಇಂಥ ಅಚ್ಚುಕಟ್ಟಿನ ಮನುಷ್ಯ ಸುಳ್ಳು ಬರೆದಾರೆಯೆ?

ಬೀದಿಯ ತುದಿಯ ಕಾರ್ಖಾನೆ ಎರಡನೇ ಚಿಮಣಿಗೆ ಅನುಮತಿ ಕೇಳಿದೆ. ಅದರ ವರದಿಯನ್ನೂ ಭಾವನೇ ಬರೆದದ್ದು. ಅದರ ಪ್ರಕಾರ ನಮ್ಮ ಬೀದಿಯ ಗಾಳಿ ಪರಿಶುದ್ಧ. ಕಿಟಕಿಯ ಸಂದಿಯಲ್ಲಿ ಕೂರುವ ಮಸಿಗೆ ಓದು ಬಾರದು, ಏನು ಮಾಡುವುದು.

ನಿನ್ನೆ ಅವರು ಗಡ್ಡ ಬೋಳಿಸಿಕೊಳ್ಳುತ್ತಿದ್ದಾಗ ವರದಿಯ ಹಾಳೆಗಳನ್ನು ತಿರುವಿದೆ. ಗಂಟೆಗಂಟೆಯ ಲೆಕ್ಕದಲ್ಲಿ ಬೆಳಗಿನ ಐದರಿಂದ ಎಂಟರವರೆಗಿನ ಸಾಲುಗಳು ಹೆಚ್ಚಿನ ದಿನ ಖಾಲಿ.

"ಭಾವ, ಇಲ್ಲಿ ಯಾಕೆ ಏನೂ ಬರೆದಿಲ್ಲ?"

"ಆಗ ಗಾಳಿನೇ ಇರಲ್ಲಮ್ಮ. ಲೆಕ್ಕದಲ್ಲಿ ಗಾಳಿ ವೇಗದಿಂದ ಭಾಗಿಸಬೇಕು. ಸೊನ್ನೆಯಿಂದ ಭಾಗಿಸೋಕಾಗತ್ತಾ? ಆ ಗಂಟೆಗಳನ್ನ ಬಿಟ್ಟುಬಿಡ್ತೀವಿ. ಎಲ್ಲರೂ ಹಾಗೇ ಮಾಡೋದು."

"ಆ ಹೊತ್ತಲ್ಲಿ ಚಿಮಣಿನೂ ರಜೆ ಹಾಕತ್ತಾ?"

"ಇಲ್ಲ, ಹೊಗೆ ಬರತ್ತೆ."

"ಬಂದು ಎಲ್ಲಿಗೆ ಹೋಗತ್ತೆ?"

ಅವರು ರೇಜರು ಕೆಳಗಿಟ್ಟು ಕೆನ್ನೆಯ ನೊರೆ ಒರೆಸಿಕೊಂಡರು.

"ಎಲ್ಲೂ ಹೋಗಲ್ಲ. ಇಲ್ಲೇ ಇಳಿಯತ್ತೆ."

"ಹಾಗಂತ ಬರೀಬಹುದಲ್ವಾ?"

"ಅಧಿಕಾರಿಗಳು ಕೇಳಿದ್ರೆ ಬರೀತೀನಿ. ಇಷ್ಟು ವರ್ಷ ಯಾರೂ ಕೇಳಿಲ್ಲ."

ಅನುಮತಿಗೆ ಸಹಿ ಬೀಳುವುದು ಇವತ್ತು ಮಧ್ಯಾಹ್ನ. ಸಹಿ ಹಾಕುವ ಅಧಿಕಾರಿಯ ನಂಬರು ವರದಿಯ ಮೊದಲ ಪುಟದಲ್ಲೇ ಇದೆ. ಭಾವನ ಕೆಲಸಕ್ಕೆ ಕುತ್ತು ಬಂದರೆ ಗಂಡನಿಗೆ ಯಾವ ಮುಖ ತೋರಿಸಲಿ? ನಾಲ್ಕು ಸಲ ನಂಬರು ಒತ್ತಿ, ರಿಂಗ್ ಆಗುವ ಮೊದಲೇ ಇಟ್ಟೆ. ಪಕ್ಕದ ಕುರ್ಚಿಯಲ್ಲಿ ಭಾವ ಪತ್ರಿಕೆ ಓದುತ್ತಿದ್ದರು; ಅರ್ಧ ಗಂಟೆಯಿಂದ ಒಂದೇ ಪುಟ. ಎದ್ದು ಹೋಗಲೂ ಇಲ್ಲ, ಬೇಡ ಎನ್ನಲೂ ಇಲ್ಲ.

ಐದನೇ ಸಲ ಆ ಕಡೆಯವರು ಎತ್ತಿದರು.

"ಸರ್, ಎರಡನೇ ಚಿಮಣಿ ವರದೀಲಿ ಬೆಳಗಿನ ಮೂರು ಗಂಟೆ ಬಿಟ್ಟುಹೋಗಿದೆ," ಎಂದೆ. "ಸಹಿ ಹಾಕೋಕೆ ಮುಂಚೆ ಅದನ್ನ ಬರೆದವರನ್ನ ಒಂದು ಮಾತು ಕೇಳಿ. ಇಲ್ಲೇ ಇದ್ದಾರೆ, ಕೊಡ್ತೀನಿ."