ನಾನು ತಿಕ್ಕಿದ ಹೊಟ್ಟೆ

ಹೊಕ್ಕಳ ಸುತ್ತ ನೋವು ಬಂದರೆ ನಮ್ಮ ಸವದತ್ತಿ ಕಡೆ ಡಾಕ್ಟರಿಗಿಂತ ಮೊದಲು ಬಟ್ಟಿ ತಿಕ್ಕುವವರು ನೆನಪಾಗುತ್ತಾರೆ. ಒಳಗಿನ ನರ ಜಾರಿದರೆ ಬಟ್ಟಿ ಸರಿಯಿತು ಅನ್ನುತ್ತೇವೆ. ಎಣ್ಣೆ ಹಚ್ಚಿ ತಿಕ್ಕಿ ಅದನ್ನು ಜಾಗಕ್ಕೆ ಕೂರಿಸಬೇಕು. ನಮ್ಮ ಓಣಿಯಲ್ಲಿ ಆ ಕೆಲಸ ನನ್ನದು, ಅತ್ತೆಯಿಂದ ಕಲಿತದ್ದು. "ನಿಮ್ಮ ಕೈಗುಣ ಛಲೋ ಐತ್ರಿ" ಅಂತ ಜನ ಹೊಗಳಿ ಹೊಗಳಿ ನನ್ನನ್ನು ಅಟ್ಟಕ್ಕೇರಿಸಿದ್ದರು. ನಾನೂ ಏರಿ ಕುಳಿತಿದ್ದೆ, ಸುಳ್ಳೇಕೆ ಹೇಳಲಿ.

ಎರಡು ವರ್ಷದ ಹಿಂದೆ ಒಂದು ಸಂಜೆ, ಎಂಟು ವರ್ಷದ ಮೊಮ್ಮಗಳು ಶಾಲೆಯಿಂದ ಹೊಟ್ಟೆ ಹಿಡಿದುಕೊಂಡು ಬಂದಳು. ಹೊಕ್ಕಳ ಮೇಲೆ ಕೈ ಇಟ್ಟು "ಇಲ್ಲೇ ನೋಯಾಕತ್ತೈತಿ, ಆಯಿ" ಅಂದಳು. ಜಿಗಿದಾಡಿ ಬಟ್ಟಿ ಸರಿಸಿಕೊಂಡಿದ್ದಾಳೆ ಎಂದು ನಿಂತಲ್ಲೇ ತೀರ್ಮಾನಿಸಿದೆ. ಚಾಪೆಯ ಮೇಲೆ ಮಲಗಿಸಿ, ಔಡಲೆಣ್ಣೆ ಹಚ್ಚಿ ತಿಕ್ಕಿದೆ. ಹುಡುಗಿ ಎರಡು ಸಲ ವಾಂತಿ ಮಾಡಿಕೊಂಡಳು, ರೊಟ್ಟಿ ಮುಟ್ಟಲಿಲ್ಲ. ಸೊಸೆ "ದವಾಖಾನಿಗೆ ಹೋಗೂಣ್ರಿ ಅತ್ತೀ" ಅಂದರೆ, "ನಿನ್ನ ಗಂಡನ ಹೊಟ್ಟಿನೂ ನಾನ ತಿಕ್ಕೀನಿ, ಸುಮ್ನಿರು" ಎಂದು ಗದರಿದೆ.

ಬೆಳಗಾಗುವಷ್ಟರಲ್ಲಿ ನೋವು ಹೊಕ್ಕಳು ಬಿಟ್ಟು ಬಲಗಡೆ ಕೆಳಹೊಟ್ಟೆಗೆ ಇಳಿದಿತ್ತು. ಮೈ ಸುಡುತ್ತಿತ್ತು. ಅಯ್ಯೋ ನನ್ನ ಬುದ್ಧಿಯೇ! ನನಗೆ ಖುಷಿಯಾಯಿತು. ನೋವು ಜಾಗ ಬಿಟ್ಟಿತೆಂದರೆ ಬಟ್ಟಿ ಮರಳಿ ಕೂರುತ್ತಿದೆ ಅಂತ ನನ್ನ ತಿಳುವಳಿಕೆ. ಇನ್ನೊಂದು ಸಲ ತಿಕ್ಕಲು ಕೈ ಇಟ್ಟೆ. ಮಗು ಕಿಟಾರನೆ ಕಿರುಚಿತು. ಸೊಸೆ ಮಗಳನ್ನು ಎತ್ತಿಕೊಂಡು ಹೊರಗೆ ನಡೆದಳು. ನಾನು ಚಪ್ಪಲಿ ಮೆಟ್ಟಿಕೊಂಡು ಹಿಂದೆ ಓಡಿದೆ.

ಯರಗಟ್ಟಿಯ ಡಾಕ್ಟರು ಹುಡುಗಿಗೆ ಒಂಟಿಗಾಲಲ್ಲಿ ಜಿಗಿಯಲು ಹೇಳಿದರು. ಅವಳಿಗೆ ನೆಟ್ಟಗೆ ನಿಲ್ಲಲೂ ಆಗಲಿಲ್ಲ. ಹೊಟ್ಟೆಯನ್ನು ಮೆತ್ತಗೆ ಮುಟ್ಟಿ ನೋಡಿ, "ಅಪೆಂಡಿಕ್ಸ್ ಬಾತಿರಬೇಕ್ರಿ. ಹನಿ ನೀರೂ ಕುಡಿಸಬ್ಯಾಡ್ರಿ. ಹಿಂಗ ಸೀದಾ ಬೈಲಹೊಂಗಲಕ್ಕ ಹೊಂಡ್ರಿ" ಎಂದು ಚೀಟಿ ಬರೆದುಕೊಟ್ಟರು.

ಬೈಲಹೊಂಗಲದಲ್ಲಿ ಸ್ಕ್ಯಾನಿಂಗ್ ಆದ ಮೇಲೆ, ಆಪರೇಶನ್ ಮಾಡುವ ಡಾಕ್ಟರಮ್ಮ ಆ ಎಣ್ಣೆ ಮೆತ್ತಿದ ಹೊಟ್ಟೆ ನೋಡಿ ಸಿಟ್ಟಾದರು. "ಯಾರ ತಿಕ್ಕಿದ್ರಿ ಇದನ್ನ? ಒಳಗ ಒಡದಿದ್ರ ಕೂಸಿನ ಗತಿ ಏನ್ರಿ?"

ಊರಿಗೆಲ್ಲ ಬುದ್ಧಿ ಹೇಳುವ ನಾನು ಸೆರಗು ಎಳೆದುಕೊಂಡೆ. ಸೊಸೆ ನೆಲ ನೋಡುತ್ತ "ನಾನ ರೀ" ಅಂದಳು. ನನಗೆ ಸಲ್ಲಬೇಕಾದ ಬೈಗುಳವನ್ನೆಲ್ಲ ಅವಳು ನಿಂತು ಕೇಳಿಸಿಕೊಂಡಳು. ನಾನು ಪಕ್ಕದಲ್ಲೇ ಇದ್ದೆ, ಸೆರಗು ಹೊದ್ದುಕೊಂಡು, ದೊಡ್ಡ ಮನುಷ್ಯಳ ಹಾಗೆ.

ಆಪರೇಶನ್ ಆಯಿತು. ಅಪೆಂಡಿಕ್ಸ್ ಒಡೆದಿರಲಿಲ್ಲ, ಇನ್ನು ಸ್ವಲ್ಪ ತಡವಾಗಿದ್ದರೆ ಒಡೆಯುತ್ತಿತ್ತಂತೆ. ಸಂಜೆ ವಾರ್ಡಿನಲ್ಲಿ ಮಗು ಅರೆ ಎಚ್ಚರದಲ್ಲಿ ಮಲಗಿತ್ತು. ಚಾದರ ಹೊದಿಸಲೆಂದು ಕೈ ಚಾಚಿದೆ. ಅವಳು ಕಣ್ಣು ತೆರೆಯದೆಯೇ ನನ್ನ ಮಣಿಕಟ್ಟು ಹಿಡಿದುಕೊಂಡು "ಆಯಿ, ತಿಕ್ಕಬ್ಯಾಡ" ಅಂದಳು.

"ಇಲ್ಲವ್ವಾ, ಇಲ್ಲ ನನ್ನ ಬಂಗಾರ" ಅಂದೆ. ಅವಳು ಕೈ ಬಿಡಲಿಲ್ಲ.

ಡಾಕ್ಟರಮ್ಮ ನೋಡಲು ಬಂದಾಗಲೂ ಆ ಪುಟ್ಟ ಬೆರಳುಗಳು ನನ್ನ ಕೈಮೇಲೆಯೇ ಇದ್ದವು. ನಾನು ಹೇಳಲು ಬಾಯಿ ತೆರೆದದ್ದು ಕಂಡು ಸೊಸೆ ಕಣ್ಣಲ್ಲೇ ಬೇಡ ಅಂದಳು. ನಾನು ಕೇಳಲಿಲ್ಲ.

"ತಿಕ್ಕಿದಾಕಿ ಅಕಿ ಅಲ್ರಿ, ನಾನು," ಅಂದೆ. "ಅಕಿಗೆ ಬೈದದ್ದನ್ನೆಲ್ಲಾ ಇನ್ನೊಮ್ಮೆ ನನಗ ಬೈರಿ."